ಆಕ್ಟೇವ್‌ನಲ್ಲಿ ಹೀಟ್ ಕಂಡಕ್ಷನ್ ಲೆಕ್ಕ: ನನ್ನ ಅನುಭವ

ಎಂ.ಟೆಕ್ ಪ್ರಾಜೆಕ್ಟ್ ಟೈಮಲ್ಲಿ ಮ್ಯಾಟ್‌ಲ್ಯಾಬ್ (ಗಣಿತದ ಲೆಕ್ಕ ಮಾಡೋ, ದುಡ್ಡು ಕೊಟ್ಟು ತಗೊಳ್ಳೋ ಸಾಫ್ಟ್‌ವೇರ್) ಲೈಸೆನ್ಸ್ ಲ್ಯಾಬ್ ಸಿಸ್ಟಮ್‌ಗಳಲ್ಲಿ ಮಾತ್ರ ಇತ್ತು, ಸಂಜೆ ಲ್ಯಾಬ್ ಬಾಗಿಲು ಹಾಕಿದ್ರೆ ಕೆಲಸಾನೂ ಅಲ್ಲಿಗೇ ನಿಲ್ತಿತ್ತು. ಅದಕ್ಕೆ ನನ್ನ ಉಬುಂಟು ಲ್ಯಾಪ್‌ಟಾಪಿಗೆ ಅದೇ ಥರದ ಜಿಎನ್‌ಯು ಆಕ್ಟೇವ್ ಹಾಕ್ಕೊಂಡೆ. ಕೆಮಿಕಲ್ ರಿಯಾಕ್ಟರ್ ಡಿಸೈನ್ ಪಠ್ಯಪುಸ್ತಕದ ಜೊತೆಗೆ ಇರಲಿ ಅಂತ ಶುರುವಾದ ಸಾಫ್ಟ್‌ವೇರ್ ಇದು, 1992ರಲ್ಲಿ ಜಾನ್ ಈಟನ್ ಬರೆಯೋಕೆ ಕೂತ್ರು. ದುಡ್ಡು ಕೊಡಬೇಕಾಗಿಲ್ಲ, ಸೋರ್ಸ್ ಕೋಡೂ ನಮ್ಮ ಕೈಯಲ್ಲೇ ಇರುತ್ತೆ.

ನನ್ನ ಲೆಕ್ಕ ಇಷ್ಟೇ: ಚೌಕಾಕಾರದ ಒಂದು ಪ್ಲೇಟು, ಒಂದು ಅಂಚು 100 ಡಿಗ್ರಿ, ಉಳಿದ ಮೂರು 0, ಒಳಗೆ ಎಲ್ಲೆಲ್ಲಿ ಎಷ್ಟು ಬಿಸಿ ಅಂತ ಕಂಡುಹಿಡೀಬೇಕು. ಒಳಗಡೆ 99 ಸಾಲು 99 ಕಂಬ ಪಾಯಿಂಟ್ ಇಟ್ರೆ, ಒಂದೊಂದಕ್ಕೆ ಒಂದರಂತೆ 9,801 ಸಮೀಕರಣ ಆಗುತ್ತೆ. ಇದನ್ನ ಮಾಮೂಲಿ ಮ್ಯಾಟ್ರಿಕ್ಸಲ್ಲಿ (ಸಂಖ್ಯೆಗಳ ಚೌಕ ಪಟ್ಟಿಯಲ್ಲಿ) ತುಂಬಿಸಿದ್ರೆ ಅದೊಂದಕ್ಕೇ ಸುಮಾರು 768 ಎಂಬಿ ಮೆಮೊರಿ ಹೋಗುತ್ತೆ, ಆದ್ರೆ ಪ್ರತಿ ಪಾಯಿಂಟಿಗೂ ಸಂಬಂಧ ಇರೋದು ಅಕ್ಕಪಕ್ಕದ ನಾಲ್ಕರ ಜೊತೆ ಮಾತ್ರ ತಾನೆ, ಹಾಗಾಗಿ ಸೊನ್ನೆ ಅಲ್ಲದ ಸಂಖ್ಯೆ ಇರೋದೇ 48,609. ಅಷ್ಟನ್ನೇ ಸ್ಪಾರ್ಸ್ ಆಗಿ, ಅಂದ್ರೆ ಸೊನ್ನೆಗಳನ್ನ ಬಿಟ್ಟು, ಇಟ್ಕೊಂಡ್ರೆ ಒಂದು ಎಂಬಿನೂ ಬೇಡ. ಒಂದೊಂದೇ ಸಂಖ್ಯೆ ತುಂಬಿಸೋಕೆ ಲೂಪ್ ಬರೀಲೇಬೇಡಿ, ಆಕ್ಟೇವ್‌ನಲ್ಲಿ ಫಾರ್ ಲೂಪ್ ನಿಜಕ್ಕೂ ನಿಧಾನ. ಎಸ್‌ಪಿಡಯಾಗ್ಸ್ (spdiags) ಫಂಕ್ಷನ್ನಿಂದ ಮೂರು ಕರ್ಣದ ಒಂದು ಸಣ್ಣ ಮ್ಯಾಟ್ರಿಕ್ಸ್ ಮಾಡ್ಕೊಂಡು, ಕ್ರಾನ್ (kron) ಫಂಕ್ಷನ್ನಿಂದ ಎರಡೂ ದಿಕ್ಕಿಗೆ ಹರಡಿ ಕೂಡಿಸಿದ್ರೆ ಪೂರ್ತಿ ಮ್ಯಾಟ್ರಿಕ್ಸ್ ರೆಡಿ.

ಈ ಸಮೀಕರಣಗಳನ್ನ ಬಿಡಿಸೋಕೆ ಒಂದೇ ಒಂದು ಬ್ಯಾಕ್‌ಸ್ಲ್ಯಾಶ್ (\) ಸಾಕು. ಇನ್ವರ್ಸ್ ತೆಗೆದು ಗುಣಿಸೋದನ್ನ ಎಷ್ಟೋ ಜನ ಇನ್ನೂ ಮಾಡ್ತಾರೆ, ದಯವಿಟ್ಟು ಬಿಡಿ, ಸ್ಪಾರ್ಸ್ ಮ್ಯಾಟ್ರಿಕ್ಸಿನ ಇನ್ವರ್ಸ್ ಸೊನ್ನೆ ಅಲ್ಲದ ಸಂಖ್ಯೆಗಳಿಂದ ತುಂಬ್ಕೊಂಡುಬಿಡುತ್ತೆ, ಉಳಿಸಿದ ಮೆಮೊರಿ ಎಲ್ಲಾ ಹೋಯ್ತು. ಬ್ಯಾಕ್‌ಸ್ಲ್ಯಾಶ್ ಹಾಕಿದ್ರೆ ಆಕ್ಟೇವ್ ತಾನೇ ಮ್ಯಾಟ್ರಿಕ್ಸ್ ನೋಡಿ, ಸಿಮೆಟ್ರಿಕ್ (ಕರ್ಣದ ಎರಡೂ ಕಡೆ ಒಂದೇ ಥರ) ಇದ್ದು ಕರ್ಣದಲ್ಲಿ ಎಲ್ಲಾ ಪಾಸಿಟಿವ್ ಅಂತ ಕಂಡ್ರೆ ಮೊದಲು ಚೊಲೆಸ್ಕಿ (ಮ್ಯಾಟ್ರಿಕ್ಸನ್ನ ಎರಡು ತ್ರಿಕೋನ ಮ್ಯಾಟ್ರಿಕ್ಸಾಗಿ ಒಡೆಯೋ ವಿಧಾನ) ಪ್ರಯತ್ನ ಮಾಡುತ್ತೆ.

ಉತ್ತರ ಸರಿನಾ ಅಂತ ಹೇಗೆ ನೋಡೋದು? ಪ್ಲೇಟಿನ ನಡುಮಧ್ಯದ ಪಾಯಿಂಟ್ ನೋಡಿ, ಅಲ್ಲಿ 25 ಬರಲೇಬೇಕು. ಯಾಕಂದ್ರೆ ನಾಲ್ಕೂ ಅಂಚು 100 ಇದ್ದಿದ್ರೆ ಪ್ಲೇಟ್ ಪೂರ್ತಿ 100 ಆಗ್ತಿತ್ತು, ಮಧ್ಯಕ್ಕೆ ನಾಲ್ಕೂ ಅಂಚು ಒಂದೇ ದೂರ, ಅಂದ್ಮೇಲೆ ಒಂದೊಂದರ ಪಾಲು ಕಾಲು ಭಾಗ. ನನಗೆ 25.000 ಬಂದಾಗ ಆದ ಖುಷಿ ಹೇಳೋಕಾಗಲ್ಲ! ಹೆಚ್ಚು ಅಂಕಿ ತೋರಿಸೋ ಫಾರ್ಮ್ಯಾಟ್ ಲಾಂಗ್ ಹಾಕಿದ್ರೆ ಕೊನೇ ಅಂಕಿಗಳು ಒಂಚೂರು ಆಚೀಚೆ ಆಗಬಹುದು, ಅದು ಫ್ಲೋಟಿಂಗ್ ಪಾಯಿಂಟ್ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಟ್ಕೊಳ್ಳೋ ರೀತಿ) ಸ್ವಭಾವ, ಹೆದರಬೇಡಿ.

ಹಳೇ ಮ್ಯಾಟ್‌ಲ್ಯಾಬ್ ಫೈಲುಗಳು ಬಹುಪಾಲು ಹಾಗೇ ಓಡಿದ್ವು, ಸಿಗ್ನಲ್ ಪ್ಯಾಕೇಜ್ (ಸಿಗ್ನಲ್ ಲೆಕ್ಕಗಳ ಹೆಚ್ಚುವರಿ ಫಂಕ್ಷನ್ನುಗಳು) ಬೇಕಾದ ಕಡೆ ಮೊದಲು ಅದನ್ನ ಲೋಡ್ ಮಾಡ್ಕೋಬೇಕು ಅಷ್ಟೆ. ಸಿಮ್ಯುಲಿಂಕ್ (ಬ್ಲಾಕ್ ಚಿತ್ರ ಜೋಡಿಸಿ ಸಿಮ್ಯುಲೇಶನ್ ಮಾಡೋ ಮ್ಯಾಟ್‌ಲ್ಯಾಬ್ ಟೂಲ್) ಥರದ್ದು ಬೇಕು ಅನ್ನೋರಿಗೆ ಆಕ್ಟೇವ್ ಆಗಲ್ಲ, ಸೈಲ್ಯಾಬ್ ಅನ್ನೋ ಇನ್ನೊಂದು ಉಚಿತ ಸಾಫ್ಟ್‌ವೇರ್ ಜೊತೆ ಬರೋ ಎಕ್ಸ್‌ಕಾಸ್ ನೋಡಿ. ಟೈಮ್ ಜೊತೆ ಬಿಸಿ ಬದಲಾಗೋ ಲೆಕ್ಕ ಇದ್ರೆ ಇಂಪ್ಲಿಸಿಟ್ ಆಯ್ಲರ್ (ಪ್ರತಿ ಟೈಮ್ ಸ್ಟೆಪ್ಪಲ್ಲೂ ಸಮೀಕರಣ ಬಿಡಿಸಿ ಮುಂದಕ್ಕೆ ಹೋಗೋ ವಿಧಾನ) ಹಾಕಿ, ಟೈಮ್ ಸ್ಟೆಪ್ ಒಂದೇ ಇದ್ರೆ ಮ್ಯಾಟ್ರಿಕ್ಸೂ ಬದಲಾಗಲ್ಲ, ಚೊಲೆಸ್ಕಿ ಒಂದ್ಸಲ ಮಾಡಿಟ್ಕೊಂಡು ಪ್ರತಿ ಸ್ಟೆಪ್ಪಲ್ಲೂ ಅದನ್ನೇ ಬಳಸಿ.