ಬೈಟು ಕಾಫಿ, ಒಂದು ಹಾಡು, ನನ್ನ ಇಂಗ್ಲಿಷ್

ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂನಲ್ಲಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಡಿಸ್ಪ್ಯಾಚ್ ಕೆಲಸಕ್ಕೆ ಸೇರಿದಾಗ ಇಂಗ್ಲಿಷ್ ಮೇಲ್ ಓದಿದರೆ ಅರ್ಥವಾಗುತ್ತಿತ್ತು. ವಿದೇಶಿ ಗ್ರಾಹಕರ ಫೋನ್ ಬಂದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಗೊತ್ತಿರುವ ಪದಗಳೇ, ಆದರೆ ಕಿವಿಗೆ ಬೀಳುವಾಗ ಗುರುತೇ ಸಿಗುತ್ತಿರಲಿಲ್ಲ. ಕೋರ್ಸಿಗೆ ಹೋಗಲು ಪುರುಸೊತ್ತಿಲ್ಲ. ಕೆಂಗೇರಿಯಿಂದ ಬಸ್ಸಿನಲ್ಲಿ ಬರುವ ಹೊತ್ತು, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಲ್ಲುವ ಹೊತ್ತು ಮಾತ್ರ ನನ್ನದು. ಹಾಗಾಗಿ ಹಾಡು ಹಿಡಿದೆ.

ಹಾಡು ಅಂದರೆ ಸುಮ್ನೆ ಕೇಳುವುದಲ್ಲ. ತಿಂಗಳುಗಟ್ಟಲೆ ಒಂದೇ ಹಾಡಿಗೆ ಅಂಟಿಕೊಂಡಿದ್ದೆ: ಅಮೆರಿಕದ ಗಾಯಕಿ ಸುಝೇನ್ ವೇಗಾ ಅವರ ‘ಟಾಮ್ಸ್ ಡೈನರ್’. 1987ರ ಆಲ್ಬಂನಲ್ಲಿರುವ ಮೂಲ ಹಾಡಿಗೆ ವಾದ್ಯವೇ ಇಲ್ಲ, ಬರೀ ದನಿ. ಎಂಪಿ3 ತಂತ್ರಜ್ಞಾನ ರೂಪಿಸುವಾಗ ಜರ್ಮನಿಯ ಇಂಜಿನಿಯರ್ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಇದೇ ಹಾಡನ್ನು ಮತ್ತೆ ಮತ್ತೆ ಹಾಕಿ ಪರೀಕ್ಷೆ ಮಾಡಿದ್ದರಂತೆ. ಅಷ್ಟು ಸ್ವಚ್ಛವಾದ ಒಂಟಿ ದನಿ. ಭಾಷೆ ಕಲಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಹಾಡಿನ ಕಥೆ ಚಿಕ್ಕದು. ಒಬ್ಬಾಕೆ ಬೆಳಿಗ್ಗೆ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೂತು, ಕಣ್ಣೆದುರು ನಡೆಯುತ್ತಿರುವುದನ್ನು ಹೇಳುತ್ತಾ ಹೋಗುತ್ತಾಳೆ. ಹೆಚ್ಚುಕಡಿಮೆ ಪೂರ್ತಿ ಹಾಡು ‘ಮಾಡುತ್ತಿದ್ದೇನೆ, ಆಗುತ್ತಿದೆ’ ಅನ್ನುವ ಧಾಟಿಯಲ್ಲಿದೆ. ಇನ್, ಆನ್, ಅಟ್ ಎಲ್ಲ ತಾಳದ ಮೇಲೆ ಬೀಳುತ್ತವೆ. ನಮಗೆ ಎಷ್ಟೋ ಕಡೆ ಮೂರಕ್ಕೂ ‘ಅಲ್ಲಿ’ ಒಂದೇ ಸಾಕು, ಅದಕ್ಕೇ ಅವು ಕೈಕೊಡುವುದು ಜಾಸ್ತಿ. ತಾಳದ ಜೊತೆ ಬಾಯಿಗೆ ಬಂದಮೇಲೆ ನಿಯಮ ನೆನಪಿಸಿಕೊಳ್ಳಬೇಕಾಗಲಿಲ್ಲ.

ಮೊದಲು ಲಿರಿಕ್ಸ್ ನೋಡದೆ, ಕೇಳಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ಆಮೇಲೆ ನಿಜವಾದ ಸಾಲು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಎಲ್ಲೆಲ್ಲಿ ಕಿವಿ ತಪ್ಪುತ್ತದೋ ಅಲ್ಲಿ ಗೆರೆ. ಮರುದಿನ ಬಸ್ಸಿನಲ್ಲಿ ಗೆರೆ ಹಾಕಿದ ಸಾಲುಗಳನ್ನಷ್ಟೇ ಕೇಳುವುದು, ತುಟಿ ಅಲ್ಲಾಡಿಸುವುದು. ಕೊನೆಗೆ ರಾಗ ಬಿಟ್ಟು ಅದೇ ಸಾಲನ್ನು ಮಾತಿನ ಹಾಗೆ ಹೇಳುವುದು. ಇದನ್ನು ಬಿಟ್ಟರೆ ಹಾಡು ಬರುತ್ತದೆ, ಮಾತು ಬರುವುದಿಲ್ಲ.

ನನಗೆ ನಿಜವಾಗಿ ದಾರಿ ತೆರೆದದ್ದು ಆಮೇಲಿನ ಕೆಲಸ. ಬೆಳಿಗ್ಗೆ ಕಾರ್ಖಾನೆ ಹತ್ತಿರದ ದರ್ಶಿನಿಯಲ್ಲಿ ನಿಂತು, ಅದೇ ಧಾಟಿಯಲ್ಲಿ ನನ್ನ ಸಾಲು ಕಟ್ಟತೊಡಗಿದೆ. ‘ಟೂ ಮೆನ್ ಆರ್ ಶೇರಿಂಗ್ ಎ ಬೈಟು ಕಾಫಿ.’ ‘ಎ ಬಾಯ್ ಈಸ್ ವೈಪಿಂಗ್ ದಿ ಟೇಬಲ್.’ ‘ದಿ ಬಸ್ ಈಸ್ ಟರ್ನಿಂಗ್ ಅಟ್ ದಿ ಸಿಗ್ನಲ್.’ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ, ಯಾರಿಗೂ ಕೇಳಿಸುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಫೋನಿನಲ್ಲಿ ‘ವಿ ಆರ್ ಲೋಡಿಂಗ್ ದಿ ಟ್ರಕ್ ನೌ’ ಅನ್ನುವುದು ತಾನಾಗಿ ಬಂತು. ಅವತ್ತು ಎಷ್ಟು ಖುಷಿಯಾಯಿತು ಅಂದರೆ, ಮನೆಗೆ ಹೋದವನೇ ಹೆಂಡತಿಗೆ ಹೇಳಿದೆ.

ಎರಡನೇ ಹಾಡು ಕಾರ್ಪೆಂಟರ್ಸ್ ಅನ್ನುವ ಅಮೆರಿಕದ ತಂಡದ ‘ಟಾಪ್ ಆಫ್ ದಿ ವರ್ಲ್ಡ್’, 1972ರದ್ದು. ಅದನ್ನು ಹಾಡಿದ ಕ್ಯಾರೆನ್ ಕಾರ್ಪೆಂಟರ್ ಅವರ ಉಚ್ಚಾರ ತುಂಬಾ ಸ್ಪಷ್ಟ. ನಾವು ಕನ್ನಡದವರು ಪ್ರತಿ ಅಕ್ಷರಕ್ಕೂ ಅದರ ಮಾತ್ರೆ ಕೊಟ್ಟು ಮಾತಾಡುತ್ತೇವೆ. ಇಂಗ್ಲಿಷಿನವರು ಹಾಗಲ್ಲ. ಹೆಸರನ್ನೇ ನೋಡಿ: ‘ಟಾಪ್’, ‘ವರ್ಲ್ಡ್’ ಎರಡಕ್ಕೂ ಒತ್ತು, ನಡುವಿನ ಎರಡು ಪದ ಅರ್ಧ ನುಂಗಿಹೋಗುತ್ತವೆ. ಫೋನಿನಲ್ಲಿ ನನಗೆ ಸಿಗದೆ ಹೋಗುತ್ತಿದ್ದದ್ದು ಈ ನುಂಗಿದ ಪದಗಳೇ. ಒತ್ತು ಎಲ್ಲಿ ಬೀಳುತ್ತದೆ ಅಂತ ತೊಡೆ ತಟ್ಟಿಕೊಂಡು ಹಾಡಿದ್ದರಿಂದ ಕಿವಿ ಪಳಗಿತು.

ವ್ಯಾಕರಣಕ್ಕೆ ಎಲ್ಲ ಹಾಡೂ ಆಗುವುದಿಲ್ಲ. ಬೀಟಲ್ಸ್‌ರ 1965ರ ‘ಟಿಕೆಟ್ ಟು ರೈಡ್’ನಲ್ಲಿ ‘ಡಸಂಟ್’ ಇರಬೇಕಾದ ಕಡೆ ‘ಡೋಂಟ್’ ಇದೆ. ಹಾಡಿಗೆ ಅದು ಚೆಂದ, ಮೇಲ್‌ಗೆ ಬೇಡ. ರ‍್ಯಾಪ್ ಕೂಡ ಶುರುವಿಗೆ ಕಷ್ಟ. ಯೂಟ್ಯೂಬ್‌ನಲ್ಲಿ ವೇಗ 0.75ಕ್ಕೆ ಇಳಿಸಿ ಕೇಳಬಹುದು, ಆದರೆ ಮೊದಲೇ ನಿಧಾನದ ಹಾಡು ಆರಿಸಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಈಗ ಪ್ಯಾಕಿಂಗ್ ವಿಭಾಗದ ಇಬ್ಬರು ಹುಡುಗರು ಊಟದ ಬಿಡುವಿನಲ್ಲಿ ನನ್ನ ಜೊತೆ ಕೂರುತ್ತಾರೆ. ಅವರೂ ವೇಗಾ ಹಾಡಿನಿಂದಲೇ ಶುರು ಮಾಡಿದ್ದಾರೆ, ಸಾಲು ಮಾತ್ರ ತಮ್ಮ ಪ್ಯಾಕಿಂಗ್ ಟೇಬಲ್ ಬಗ್ಗೆಯೇ ಕಟ್ಟುತ್ತಿದ್ದಾರೆ.