ಬಾಕಿ ಮೇಲೆ, ಮಾರಾಟ ಕೆಳಗೆ: ನಮ್ಮ ಡ್ಯಾಶ್‌ಬೋರ್ಡ್ ಕೊನೆಗೂ ಓಡಿದ ಬಗೆ

ಬಾಕಿ, ವಸೂಲಿ, ಮಾರಾಟ ಒಂದೇ ಸ್ಕ್ರೀನ್‌ನಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಎಕ್ಸೆಲ್‌ನಲ್ಲಿ ಆಗೋ ಕೆಲಸ ಅಲ್ಲ ಅಂದವರು ಮೂವರು. ನಮ್ಮ ಆಡಿಟರ್, ಸಾವಕಾರ್ರ (ಮಾಲೀಕರ) ಅಳಿಯ, ಮತ್ತೆ ಮುಂಗಡ ತೆಗೆದುಕೊಂಡು ಹೋದ ಒಂದು ಸಾಫ್ಟ್‌ವೇರ್ ಕಂಪನಿ. ಈಗ ಎಂಟೊಂಬತ್ತು ತಿಂಗಳಿಂದ ಅದು ದಿನಾ ಓಡುತ್ತಿದೆ. ಮೊನ್ನೆ ಅಳಿಯನೇ ಬಂದು ತನ್ನ ಗೆಳೆಯರ ಅಂಗಡಿಗೂ ಇಂಥದ್ದೇ ಮಾಡಿಕೊಡಿ ಅಂದ. ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್), ಎಕ್ಸೆಲ್‌ನ ಪಿವಟ್ (ಡೇಟಾ ಗುಂಪು ಮಾಡಿ ಮೊತ್ತ ತೋರಿಸುವ ಟೇಬಲ್), ಪವರ್ ಕ್ವೆರಿ (ಹೊರಗಿನ ಡೇಟಾ ತಂದು ಸರಿಪಡಿಸುವ ಸಾಧನ) ಕೈಗೆ ಹತ್ತಿದವರಿಗಾಗಿ ಬರೆಯುತ್ತಿದ್ದೇನೆ, ಮೂಲಪಾಠ ಇಲ್ಲಿಲ್ಲ.

ನಮ್ಮದು ಹುಬ್ಬಳ್ಳಿಯಲ್ಲಿ ಸಾಬೂನು, ಬಿಸ್ಕತ್ತು, ಚಹಾಪುಡಿಯ ಡಿಸ್ಟ್ರಿಬ್ಯೂಷನ್. ಧಾರವಾಡ, ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ಕಡೆ ಬೀಟ್‌ಗಳು, ಅಂದರೆ ಸೇಲ್ಸ್‌ಮನ್ ಸುತ್ತುವ ಹಾದಿಗಳು. ಒಂಬೈನೂರರ ಆಸುಪಾಸು ಅಂಗಡಿ, ತಿಂಗಳಿಗೆ ಎಪ್ಪತ್ತೈದು-ಎಂಬತ್ತು ಲಕ್ಷದ ಬಿಲ್ಲು. ಲಾಭದ ಅಂಚು ಎಷ್ಟು ತೆಳು ಅಂತ ಈ ಧಂದೆಯವರಿಗೆ ಹೇಳಬೇಕಿಲ್ಲ. ದುಡ್ಡು ಉಳಿಯುವುದು ವಸೂಲಿಯಲ್ಲಿ, ಹೋಗುವುದೂ ಅಲ್ಲೇ.

ಮೊದಲು ಆ ಕಂಪನಿಗೆ ಕೊಟ್ಟೆವು. ಕೇಳಿದ್ದು ಒಂದೂವರೆ ಲಕ್ಷ, ಮುಂಗಡ ನಲವತ್ತು ಸಾವಿರ. ಮೂರು ತಿಂಗಳ ಮೇಲೆ ತೋರಿಸಿದ್ದು ಎಂಟು ಗುಂಡನೆಯ ಮೀಟರ್ ಇರುವ ಒಂದು ಸ್ಕ್ರೀನ್. ಮುಳ್ಳು ಹಸಿರಿನಿಂದ ಕೆಂಪಿಗೆ ಹೋದರೆ ಯಾವ ಅಂಗಡಿಗೆ ಫೋನ್ ಮಾಡಬೇಕು? ಅದಕ್ಕೆ ಉತ್ತರ ಇರಲಿಲ್ಲ. ಆ ನಲವತ್ತು ಸಾವಿರ ಇವತ್ತಿಗೂ ವಾಪಸ್ ಬಂದಿಲ್ಲ.

ಆಮೇಲೆ ಮೈಕ್ರೋಸಾಫ್ಟ್‌ನ ಚಾರ್ಟ್ ಸಾಫ್ಟ್‌ವೇರ್ ಪವರ್ ಬಿಐ ಹಿಡಿದೆ. ಡೆಸ್ಕ್‌ಟಾಪ್ ಪುಕ್ಕಟೆ, ಚಾರ್ಟ್ ಚೆಂದ. ಆದರೆ ಐದು ಜನ ತಮ್ಮ ತಮ್ಮ ಲಾಗಿನ್‌ನಲ್ಲಿ ನೋಡಬೇಕೆಂದರೆ ತಲೆಗಿಷ್ಟು ಅಂತ ತಿಂಗಳ ಲೈಸೆನ್ಸ್. ಸಾವಕಾರ್ರು ಒಂದೇ ಮಾತಿಗೆ ಮುಗಿಸಿದರು: "ತಿಂಗ್ಳಾ ರೊಕ್ಕ ಕಟ್ಟೋದಂದ್ರ ಅದು ಬಾಡಿಗಿ ಮನಿ ಆತು, ಬ್ಯಾಡ." ಕಚೇರಿಯಲ್ಲಿ ಇದ್ದ ಎಕ್ಸೆಲ್‌ಗೇ ಬಂದೆ. ಹೊಸ ಖರ್ಚು ಅಂದರೆ ಕಂಪ್ಯೂಟರ್‌ಗೆ ಎಂಟು ಜಿಬಿ ರ್‍ಯಾಮ್, ಕೌಂಟರ್ ಎದುರಿನ ಗೋಡೆಗೆ ಒಂದು ಟಿವಿ, ಎಲ್ಲಾ ಸೇರಿ ಹದಿಮೂರು-ಹದಿನಾಲ್ಕು ಸಾವಿರ.

ನಿಜವಾದ ತಲೆನೋವು ಚಾರ್ಟ್‌ನದ್ದಲ್ಲ, ಡೇಟಾದ್ದು. ಟ್ಯಾಲಿಯಿಂದ ಲೆಡ್ಜರ್ ಬಾಕಿ ಎಕ್ಸೆಲ್‌ಗೆ ತೆಗೆದಾಗ ಡೆಬಿಟ್, ಕ್ರೆಡಿಟ್ ಅನ್ನೋ ಗುರುತು ಸೆಲ್‌ನ ಬೆಲೆಯಲ್ಲಿ ಇರುವುದಿಲ್ಲ, ನಂಬರ್ ಫಾರ್ಮ್ಯಾಟ್‌ನಲ್ಲಿ ಇರುತ್ತದೆ. ಕಣ್ಣಿಗೆ ಕಾಣುತ್ತದೆ, ಫಾರ್ಮುಲಾಕ್ಕೆ ಕಾಣುವುದಿಲ್ಲ. ಪವರ್ ಕ್ವೆರಿ ಬೆಲೆಯನ್ನಷ್ಟೇ ಓದುತ್ತದೆ. ಅಲ್ಲಿಗೆ ನಮಗೆ ಕೊಡಬೇಕಾದವನ ಹನ್ನೆರಡು ಸಾವಿರವೂ, ನಮ್ಮ ಹತ್ತಿರ ಅಡ್ವಾನ್ಸ್ ಇಟ್ಟವನ ಹನ್ನೆರಡು ಸಾವಿರವೂ ಒಂದೇ. ಒಟ್ಟು ಬಾಕಿ ಟ್ಯಾಲಿಗೂ ಶೀಟ್‌ಗೂ ಮೂರು ಲಕ್ಷದಷ್ಟು ತಾಳೆಯಾಗದೆ ವಾರಗಟ್ಟಲೆ ಕೂತಿದ್ದೆ. ಡೆಬಿಟ್, ಕ್ರೆಡಿಟ್ ಎರಡು ಬೇರೆ ಕಾಲಂ ಆಗಿ ಬರುವ ರಿಪೋರ್ಟ್ ಆರಿಸಿಕೊಳ್ಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎರಡನೆಯದು ತಾರೀಕು. ಕಂಪ್ಯೂಟರ್ ತಿಂಗಳು ಮೊದಲು ಅಂತ ಓದಿದರೆ ಏಪ್ರಿಲ್ 1 (01/04) ಹೋಗಿ ಜನವರಿ 4 ಆಗುತ್ತದೆ. ಹನ್ನೆರಡು ದಾಟಿದ ತಾರೀಕುಗಳು ಎರರ್ ಕೊಡುತ್ತವೆ, ಮೊದಲ ಹನ್ನೆರಡು ದಿನದವು ಸದ್ದಿಲ್ಲದೆ ತಿಂಗಳು ಬದಲಿಸಿಕೊಂಡು ಕೂರುತ್ತವೆ. ಕಾಲಂ ಟೈಪ್ ಬದಲಿಸುವಾಗ ಲೊಕೇಲ್ (ಯಾವ ದೇಶದ ರೂಢಿ ಅನ್ನೋದು) ಇಂಡಿಯಾ ಅಂತ ಕೊಡದೆ ಮುಂದೆ ಹೋಗಬೇಡಿ.

ಮೂರನೆಯದಕ್ಕೆ ಯಾವ ಫಾರ್ಮುಲಾವೂ ಇಲ್ಲ: ಆನ್ ಅಕೌಂಟ್. ಸೇಲ್ಸ್‌ಮನ್ ಸಂಜೆ ತಂದ ನಗದನ್ನು ಯಾವ ಬಿಲ್ಲಿಗೆ ಅಂತ ಕೇಳದೆ ಆನ್ ಅಕೌಂಟ್‌ಗೆ ತಳ್ಳಿದರೆ, ತೀರಿದ ಬಿಲ್ಲೂ ತೊಂಬತ್ತು ದಿನದ ಬಾಕಿಯಲ್ಲಿ ಕೂತಿರುತ್ತದೆ. ಕ್ಯಾಷಿಯರ್ ಹತ್ತಿರ ಕೂತು, ಬಿಲ್ ನಂಬರ್ ಇಲ್ಲದ ರಸೀದಿ ಪಡೆಯುವಂತಿಲ್ಲ ಅಂತ ಕಟ್ಟುಮಾಡಿದೆ. ಹಳೆಯದನ್ನು ಬಿಲ್ಲಿಗೆ ಹೊಂದಿಸಲು ಎರಡು ತಿಂಗಳು ಹಿಡಿಯಿತು. ಅಳಿಯ ಇದನ್ನೇ ಆಡಿಕೊಂಡಿದ್ದ: ಡ್ಯಾಶ್‌ಬೋರ್ಡ್ ಮಾಡು ಅಂದರೆ ಇವರು ರಸೀದಿ ಎಣಿಸುತ್ತಿದ್ದಾರೆ ಅಂತ. ಆ ರಸೀದಿ ಕೆಲಸವೇ ಡ್ಯಾಶ್‌ಬೋರ್ಡ್. ಉಳಿದದ್ದು ಬಣ್ಣ.

ಈಗ ಸ್ಕ್ರೀನ್ ಮೇಲೆ ನಾಲ್ಕೇ ಅಂಕಿ: ಇವತ್ತಿನ ವಸೂಲಿ, ಒಟ್ಟು ಬಾಕಿ, 45 ದಿನ ದಾಟಿದ ಬಾಕಿ, ಮಾಲು ಎಷ್ಟು ದಿನಕ್ಕಿದೆ. ಮಾಲಿನ ದಿನ ಲೆಕ್ಕ ಹಾಕುವಾಗ ಇರುವ ಮಾಲನ್ನೂ ದಿನಕ್ಕೆ ಹೋಗುವ ಮಾಲನ್ನೂ ಖರೀದಿ ದರದಲ್ಲೇ ಹಿಡಿದು ಭಾಗಿಸಿ, ಮಾರಾಟದ ದರ ಬೆರೆಸಬೇಡಿ. ಅದರ ಕೆಳಗೆ ಬೀಟ್‌ಗೊಂದು ಅಡ್ಡಪಟ್ಟಿ (ಬಾರ್), ಅದರೊಳಗೆ ತುಂಡು ತುಂಡಾಗಿ ಬಾಕಿಯ ವಯಸ್ಸು: 15, 30, 45, 60, ಅದಕ್ಕೂ ಮೇಲೆ. ಅರವತ್ತು ದಾಟಿದ್ದಕ್ಕೆ ಮಾತ್ರ ಕೆಂಪು. ಇಡೀ ಸ್ಕ್ರೀನ್‌ನಲ್ಲಿ ಬೇರೆಲ್ಲೂ ಕೆಂಪು ಇಲ್ಲ. ಮಾರಾಟದ ಚಾರ್ಟ್ ಎಲ್ಲಕ್ಕಿಂತ ಕೆಳಗೆ. ಇದಕ್ಕೆ ಎಲ್ಲರೂ ತಕರಾರು ತೆಗೆದರು, ನಾನು ಜಗ್ಗಲಿಲ್ಲ. ಮಾರಾಟ ಏರಿದ್ದು ನೋಡಿ ಖುಷಿಪಡುವ ತಿಂಗಳಲ್ಲೇ ಮಾಲು ಉದ್ದರಿ ಹೋಗಿ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ತುದಿ ಮುಟ್ಟುತ್ತದೆ.

ಒಂದೇ ಸ್ಲೈಸರ್ (ಬೇಕಾದ್ದನ್ನು ಆರಿಸುವ ಬಟನ್) ಎಲ್ಲಾ ಪಿವಟ್‌ಗೂ ಹಿಡಿಯಬೇಕಲ್ಲ, ಆದರೆ ಬಾಕಿ, ಮಾರಾಟ, ಸ್ಟಾಕ್ ಮೂರೂ ಬೇರೆ ಬೇರೆ ಟೇಬಲ್. ಎಕ್ಸೆಲ್‌ನಲ್ಲಿ ಟೇಬಲ್‌ಗಳನ್ನು ಜೋಡಿಸುವ ಡೇಟಾ ಮಾಡೆಲ್‌ಗೆ ಹಾಕಿ, ಅಂಗಡಿ, ಐಟಂ, ತಾರೀಕಿಗೆ ಒಂದೊಂದು ಮಾಸ್ಟರ್ (ಮೂಲ ಪಟ್ಟಿ) ಕಟ್ಟಿ ಜೋಡಿಸಿದೆ. ಆದರೆ ಅಲ್ಲಿ ಅಂಕಿಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮೊದಲ 1000 ಸಾಲು ಮಾತ್ರ ಬಿಚ್ಚುತ್ತದೆ. ಕನೆಕ್ಷನ್ ಪ್ರಾಪರ್ಟೀಸ್‌ಗೆ ಹೋಗಿ ಆ ಮಿತಿ ಏರಿಸಿ. ನಮ್ಮ ಸಾವಕಾರ್ರಿಗೆ ನಂಬಿಕೆ ಬಂದದ್ದೇ ಈ ಡಬಲ್ ಕ್ಲಿಕ್‌ನಿಂದ. ಕಲಘಟಗಿಯ ಕೆಂಪು ತುಂಡಿನ ಅಂಕಿ ಬಿಚ್ಚಿ ತೋರಿಸಿದೆ, ಅಂಗಡಿ ಹೆಸರು, ಬಿಲ್ ನಂಬರ್ ಸಮೇತ ಬಂತು. "ಇಂವ ನನಗ ನಿನ್ನೆ ಎಲ್ಲಾ ಚುಕ್ತಾ ಅಂದಾನಲ್ರೀ!" ಅಂದವರು ಅಲ್ಲೇ ಫೋನ್ ಎತ್ತಿದರು.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದಾಗ ಮಾರಾಟವನ್ನು ತೆರಿಗೆ ಬಿಟ್ಟು ಲೆಕ್ಕ ಹಾಕಿದ್ದು ಕೈಹಿಡಿಯಿತು. ಸ್ನಾನದ ಸಾಬೂನು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ನೂರಕ್ಕೆ 18ರಿಂದ 5ಕ್ಕೆ ಬಂದವು. ತೆರಿಗೆ ಸೇರಿದ ಬಿಲ್ ಮೊತ್ತ ಹಾಕಿಕೊಂಡವರ ಚಾರ್ಟ್ ಅಷ್ಟೇ ಮಾಲು ಹೋದರೂ ನೂರಕ್ಕೆ ಹನ್ನೊಂದರಷ್ಟು ಕೆಳಗೆ ಜಾರಿತು. ನಮ್ಮದು ಜಾರಲಿಲ್ಲ.

ನಡುವೆ ಒಂದೆರಡು ಹುಚ್ಚು ಪ್ರಯೋಗವನ್ನೂ ಮಾಡಿದೆ. ತಾರೀಕಿನ ಮಾಸ್ಟರ್‌ಗೆ ಅಮಾವಾಸ್ಯೆ ಕಾಲಂ ಸೇರಿಸಿ ಮಾರಾಟ ನೋಡಿದೆ. ದೀಪಾವಳಿಯದು ಬಿಟ್ಟರೆ ಏನೂ ಸಿಗಲಿಲ್ಲ. ಸಂತೆಯ ದಿನದ ಕಾಲಂ ಮಾತ್ರ ಫಲ ಕೊಟ್ಟಿತು. ಹಳ್ಳಿ ಬೀಟ್‌ಗಳಲ್ಲಿ ವಸೂಲಿ ಚೆನ್ನಾಗಿ ಬರುವುದು ಸಂತೆಯ ಮರುದಿನ, ನಮ್ಮ ಗಾಡಿ ಹೋಗುತ್ತಿದ್ದುದು ಹಿಂದಿನ ದಿನ. ಮೂರು ಬೀಟ್‌ಗಳ ದಿನ ಬದಲಿಸಿದೆವು.

45 ದಿನ ದಾಟಿದ ಬಾಕಿ ಹತ್ತೊಂಬತ್ತು ಲಕ್ಷದಷ್ಟಿತ್ತು, ಆರು ತಿಂಗಳಲ್ಲಿ ಏಳಕ್ಕೆ ಇಳಿಯಿತು. ಓಡಿ ಬಡ್ಡಿ ನೂರಕ್ಕೆ ಹತ್ತರ ಲೆಕ್ಕ ಹಿಡಿದರೂ ತಿಂಗಳಿಗೆ ಹತ್ತು ಸಾವಿರ ಉಳಿತಾಯ. ಒಂದೂವರೆ ಲಕ್ಷದ ಕಂಪನಿ ಕೊಡಲಾಗದ್ದನ್ನು ಎಕ್ಸೆಲ್ ಕೊಟ್ಟಿತು, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ದಿನಾ ಬೆಳಿಗ್ಗೆ ಪ್ರತಿ ಸೇಲ್ಸ್‌ಮನ್‌ಗೆ ಅವನ ಬೀಟ್‌ನ ಪಟ್ಟಿ ಮಾತ್ರ ಮೊಬೈಲ್‌ಗೆ ಹೋಗುವಂತೆ ಮಾಡಿದ ಮ್ಯಾಕ್ರೋ (ಎಕ್ಸೆಲ್‌ನೊಳಗಿನ ಚಿಕ್ಕ ಪ್ರೋಗ್ರಾಂ) ಗುಟ್ಟಾಗಿ ನನ್ನ ಹತ್ತಿರವೇ ಇರಲಿ. ಯಾರಿಗೆ ಮೊದಲು ಫೋನ್ ಮಾಡಬೇಕು ಅಂತ ಅಂಗಡಿಗಳನ್ನು ಸಾಲಿಗೆ ನಿಲ್ಲಿಸುವ ಸೂತ್ರವೂ ಅಷ್ಟೇ.

ಇನ್ನೊಂದು ಮಾತು. ಏಪ್ರಿಲ್‌ನಲ್ಲಿ ಹೊಸ ವರ್ಷಕ್ಕೆ ಟ್ಯಾಲಿಯಲ್ಲಿ ಬೇರೆ ಕಂಪನಿ ಫೈಲ್ ತೆರೆಯುವವರು ಓಪನಿಂಗ್ (ಹಿಂದಿನ ವರ್ಷದಿಂದ ಬಂದ) ಬಾಕಿಯನ್ನು ಇಡಿಯಾಗಿ ಹಾಕಬೇಡಿ, ಹಳೆ ಬಿಲ್ ನಂಬರ್, ಹಳೆ ತಾರೀಕು ಸಮೇತ ಒಡೆದು ಹಾಕಿ. ಇಲ್ಲದಿದ್ದರೆ ಏಪ್ರಿಲ್ 1ಕ್ಕೆ ಎಲ್ಲಾ ಬಾಕಿಯ ವಯಸ್ಸೂ ಸೊನ್ನೆಯಾಗಿ, ಕೆಂಪು ಪೂರ್ತಿ ಮಾಯವಾಗುತ್ತದೆ.