ಒಂದು ಹಲ್ಲು ಹಿಂದಿದ್ದ ಕ್ಯಾಮ್

ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಸೀಲು) ಬದಲಿಸಿ ಎಂಜಿನ್ ಜೋಡಿಸಿದ ಮೇಲೆ ಕಾರು ಸ್ಟಾರ್ಟ್ ಆಯಿತು. ಆದರೆ ನಿಂತಲ್ಲೇ ನಡುಗುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ಎಳೆತವೇ ಇಲ್ಲ. ಪ್ಲಗ್, ವೈರಿಂಗ್, ವ್ಯಾಕ್ಯೂಮ್ ಪೈಪು ಎಲ್ಲ ನೋಡಿದೆ, ಸರಿಯಿದ್ದವು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮನ್ನೂ ಜೋಡಿಸುವ ಹಲ್ಲಿನ ಬೆಲ್ಟ್‌ನ ಮೇಲಿರುವ ಟೈಮಿಂಗ್ ಕವರ್ ಬಿಚ್ಚಿದಾಗ ಗೊತ್ತಾಯಿತು: ಕ್ರ್ಯಾಂಕ್ ಗುರುತು ಸರಿಯಾಗಿ ಕೂತಿದೆ, ಕ್ಯಾಮ್ ಪುಲ್ಲಿಯ ಗುರುತು ಮಾತ್ರ ಒಂದು ಹಲ್ಲು ಹಿಂದಿದೆ.

ಬೆಲ್ಟ್ ಹಾಕುವಾಗ ಎರಡೂ ಗುರುತು ಕೂಡಿದ್ದವು, ಅದು ನನಗೆ ಖಚಿತ. ಆದರೆ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ಭಾಗ) ಇಲ್ಲದ ಬದಿಯಲ್ಲಿ ಬೆಲ್ಟ್ ತುಸು ಸಡಿಲವಿತ್ತು. ಟೆನ್ಷನರ್ ಬಿಟ್ಟೊಡನೆ ಅದು ಬೆಲ್ಟನ್ನು ತನ್ನ ಕಡೆ ಎಳೆದುಕೊಂಡು, ಕ್ಯಾಮನ್ನೂ ಹಿಂದಕ್ಕೆ ತಿರುಗಿಸಿತ್ತು.

ಎರಡನೇ ಸಲ ಪ್ಲಗ್‌ಗಳನ್ನು ತೆಗೆದಿಟ್ಟೆ. ಸಿಲಿಂಡರ್‌ನೊಳಗೆ ಗಾಳಿಯ ಒತ್ತಡ (ಕಂಪ್ರೆಷನ್) ಇಲ್ಲದಿದ್ದರೆ ಎಂಜಿನ್ ಕೈಗೆ ಹಗುರವಾಗಿ ತಿರುಗುತ್ತದೆ. ಕ್ರ್ಯಾಂಕ್ ಪುಲ್ಲಿಯಿಂದ ಶುರುಮಾಡಿ, ಟೆನ್ಷನರ್ ಇಲ್ಲದ ಬದಿಯನ್ನು ಬಿಗಿಯಾಗಿ ಹಿಡಿದೇ ಬೆಲ್ಟನ್ನು ಕ್ಯಾಮ್ ಮೇಲೆ ಕೂರಿಸಿದೆ. ಟೆನ್ಷನರ್ ಕೊನೆಗೆ. ಗುರುತನ್ನು ನೇರ ಎದುರಿನಿಂದಲೇ ನೋಡಬೇಕು, ಓರೆಯಾಗಿ ನೋಡಿದರೆ ಅರ್ಧ ಹಲ್ಲು ಕಣ್ಣು ತಪ್ಪುತ್ತದೆ.

ಆಮೇಲೆ ಮೊದಲ ಸಲ ನಾನು ಬಿಟ್ಟಿದ್ದ ಕೆಲಸ: ಸ್ಪ್ಯಾನರ್‌ನಿಂದ ಕ್ರ್ಯಾಂಕನ್ನು ಎಂಜಿನ್ ತಿರುಗುವ ದಿಕ್ಕಿಗೇ 2 ಪೂರ್ತಿ ಸುತ್ತು ತಿರುಗಿಸುವುದು. ಕ್ರ್ಯಾಂಕ್ 2 ಸುತ್ತು ಬಂದರೆ ಕ್ಯಾಮ್ 1 ಸುತ್ತು, ಆದ್ದರಿಂದ ಒಂದೇ ಸುತ್ತಿಗೆ ನಿಲ್ಲಿಸಿದರೆ ಕ್ಯಾಮ್ ಗುರುತು ಎದುರು ಬದಿಯಲ್ಲಿರುತ್ತದೆ. ನಡುವೆ ಗಟ್ಟಿಯಾಗಿ ತಡೆದರೆ ದಯವಿಟ್ಟು ಬಲ ಹಾಕಬೇಡಿ. ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು, ಬಾಗಿದರೆ ಹೆಡ್ ಮತ್ತೆ ಇಳಿಸಬೇಕಾಗುತ್ತದೆ.

ಎರಡೂ ಗುರುತು ಕೂಡಿ ನಿಂತವು. ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದೆ, ನಡುಕ ಹೋಗಿತ್ತು.